ಮೌಸನ್ನು ಕುಟ್ಟಬೇಡಿ, ಮೊದಲು ಸೆಲ್ ನೋಡಿ

ಮೌಸ್ ಅಲ್ಲಾಡಲಿಲ್ಲ ಎಂದು ಮೇಜಿಗೆ ಕುಟ್ಟಬೇಡಿ. ಕೀಬೋರ್ಡ್ ಅಕ್ಷರ ನುಂಗಿತು ಎಂದು ಹೊಸದು ತರಲು ಅಂಗಡಿಗೆ ಓಡಬೇಡಿ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ವೈರ್‌ಲೆಸ್ ಸಾಮಾನಿನ ತಂಟೆ ಬಹಳ ಸಲ ಸೆಲ್, ಸ್ವಿಚ್, ಡಾಂಗಲ್ ಈ ಮೂರರಲ್ಲೇ ಇರುತ್ತದೆ. ಕಾಸು ಖರ್ಚಿಲ್ಲದ್ದನ್ನು ಮೊದಲು ನೋಡಿ, ಖರ್ಚಿನ ಮಾತು ಕೊನೆಗೆ. ಹೇಳುವ ಸಾಲನ್ನು ತಪ್ಪಿಸದೆ ಹಿಂದೆಯೇ ಬನ್ನಿ.

ನಿಮ್ಮ ಕೈಯಲ್ಲಿರುವುದು ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ. ಯುಎಸ್‌ಬಿ ಪೋರ್ಟಿಗೆ ಹಾಕುವ ಉಗುರಿನಷ್ಟು ಡಾಂಗಲ್ ಜೊತೆಗೆ ಬಂದಿದ್ದರೆ, ಸಾಮಾನ್ಯವಾಗಿ ಎರಡನ್ನೂ ಕಾರ್ಖಾನೆಯಲ್ಲೇ ಜೋಡಿ ಮಾಡಿ ಕಳಿಸಿರುತ್ತಾರೆ; ಹಾಕಿದರೆ ಸಾಕು. ಡಾಂಗಲ್ ಬಂದಿಲ್ಲವಾದರೆ ಅದು ಬ್ಲೂಟೂತ್‌ನದು. ಕೆಲವಕ್ಕೆ ಎರಡೂ ಉಂಟು. ಡಾಂಗಲ್ ಪೆಟ್ಟಿಗೆಯಲ್ಲಿ ಇರಲೇ ಇಲ್ಲ ಎಂದು ಅಂಗಡಿಯವನ ಮೇಲೆ ಕೂಗಾಡುವ ಮುಂಚೆ ಮೌಸಿನ ಹೊಟ್ಟೆಯ ಮುಚ್ಚಳ ತೆಗೆದು ನೋಡಿ. ಸೆಲ್ ಪಕ್ಕದ ಗೂಡಿನಲ್ಲೇ ಸಿಕ್ಕಿಸಿರುತ್ತಾರೆ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಬಾರದು. ಬ್ಯಾಗಿಗೆ ಹಾಕುವಾಗಲೂ ಡಾಂಗಲನ್ನು ಅದೇ ಗೂಡಿಗೆ ಸೇರಿಸಿ. ಅಗ್ಗದ ಮೌಸುಗಳಲ್ಲಿ ಡಾಂಗಲ್ ಕಳೆದರೆ ಮೌಸೂ ಹೋದಂತೆಯೇ.

ಒಬ್ಬರ ಡಾಂಗಲ್ ಇನ್ನೊಬ್ಬರ ಮೌಸಿಗೆ ಆಗುತ್ತದೆ ಎಂದು ಎಣಿಸಬೇಡಿ. ಲಾಜಿಟೆಕ್‌ನವರ ಯೂನಿಫೈಯಿಂಗ್ ಡಾಂಗಲ್ ಒಂದಕ್ಕೇ 6 ಸಾಮಾನು ಜೋಡಿಸಬಹುದು, ಅವರದೇ ಬೋಲ್ಟ್ ಡಾಂಗಲ್‌ಗೂ 6. ಆದರೆ ಇದರದ್ದನ್ನು ಅದಕ್ಕೆ ಕೂಡಿಸಲು ಬರುವುದಿಲ್ಲ. ಕೊಳ್ಳುವಾಗ ಗುರುತು ನೋಡಿ ಕೊಳ್ಳಿ.

ಇನ್ನು ಸೆಲ್. ಹೊಸ ಸಾಮಾನಾದರೆ ಸೆಲ್ಲಿಗೆ ತಡೆಯಾಗಿ ಇಟ್ಟ ಪ್ಲಾಸ್ಟಿಕ್ ಪಟ್ಟಿ ಎಳೆದಿದ್ದೀರಾ? ಕೆಳಗಿನ ಸ್ವಿಚ್ ಆನ್ ಇದೆಯೇ? ಪ್ಲಸ್, ಮೈನಸ್ ಸರಿಯಾಗಿ ಕೂತಿವೆಯೇ? ಹಳೆಯದೊಂದು ಹೊಸದೊಂದು ಸೆಲ್ ಬೆರೆಸಿ ಹಾಕುವ ಜಿಪುಣತನ ಬೇಡ. ರಜೆಗೆ ಊರಿಗೆ ಹೋಗುವಾಗ ಸೆಲ್ ತೆಗೆದಿಡಿ. ಸೋರಿದರೆ ಒಳಗಿನ ತಗಡು ಕಿಲುಬು ಹಿಡಿಯುತ್ತದೆ. ಬಿಳಿಯ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನ್ ಸೆಲ್ಲಿನ ಸೋರಿಕೆಯಾದರೆ ಹತ್ತಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿ, ಚೆನ್ನಾಗಿ ಒಣಗಿಸಿ. ಚಾರ್ಜ್ ಮಾಡುವ ನಿಕ್ಕೆಲ್ ಸೆಲ್ 1.2 ವೋಲ್ಟಿನದು, ಮಾಮೂಲಿನದು 1.5. ಹಾಗಾಗಿ ಬ್ಯಾಟರಿ ಕಡಿಮೆಯೆಂದು ಬೇಗ ತೋರಿಸಿದರೆ ಗಾಬರಿ ಬೇಡ.

ಸೆಲ್ ಸರಿಯಿದ್ದೂ ಬಾಣದ ಗುರುತು ತಡವರಿಸಿದರೆ ಡಾಂಗಲ್ ಕೂತ ಜಾಗ ನೋಡಿ. ಮೇಜಿನ ಕೆಳಗಿರುವ ಸಿಪಿಯು ಡಬ್ಬಿಯ ಬೆನ್ನಿಗೆ ಹಾಕಿ, ಮೇಲಿಂದ ಮೌಸ್ ಆಡಿಸಿದರೆ ನಡುವಿನ ತಗಡು ಸಿಗ್ನಲನ್ನು ತಡೆಯುತ್ತದೆ. ಮುಂದಿನ ಪೋರ್ಟಿಗೆ ಹಾಕಿ. ಇನ್ನೊಂದು ಕಳ್ಳನೂ ಇದ್ದಾನೆ. ಯುಎಸ್‌ಬಿ 3.0 ಪೋರ್ಟೂ ಅದಕ್ಕೆ ಹಾಕಿದ ಹಾರ್ಡ್‌ಡಿಸ್ಕೂ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಬರೆದು ಪ್ರಕಟಿಸಿದೆ. ನಿಮ್ಮ ಡಾಂಗಲ್ ಮಾತಾಡುವುದೂ ಅದೇ ತರಂಗದಲ್ಲಿ. ಹಾರ್ಡ್‌ಡಿಸ್ಕ್ ಪಕ್ಕದಿಂದ ಕಿತ್ತು ದೂರದ ಪೋರ್ಟಿಗೆ, ಸಾಧ್ಯವಾದರೆ 2.0 ಪೋರ್ಟಿಗೆ ಹಾಕಿ. ಬೇರೆ ಪೋರ್ಟ್ ಇಲ್ಲದಿದ್ದರೆ ಒಂದು ಗೇಣಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಸಾಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೌಸಿನ ವಿಷಯದಲ್ಲಿ ಮಾತ್ರ ನೆಲದ್ದೇ ತಪ್ಪಿರಬಹುದು. ಗಾಜಿನ ಮೇಜು, ಮಿರಮಿರ ಹೊಳೆಯುವ ಮೇಲ್ಮೈ ಬಹುತೇಕ ಮೌಸುಗಳಿಗೆ ಆಗಿಬರುವುದಿಲ್ಲ. ಕೆಳಗೊಂದು ಪ್ಯಾಡ್ ಹಾಕಿ, ಮೌಸಿನ ಅಡಿಯ ಕಣ್ಣಿನ ಧೂಳು ಒರೆಸಿ.

ಬ್ಲೂಟೂತ್ ಆದರೆ, ದೀಪ ಬೇಗಬೇಗ ಮಿಟುಕುವವರೆಗೆ ಜೋಡಣೆಯ ಗುಂಡಿ ಒತ್ತಿಹಿಡಿಯಿರಿ. ಒಮ್ಮೆ ಮುಟ್ಟಿ ಕೈ ತೆಗೆದರೆ ಆಗದು. ಆಮೇಲೆ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು ‘ಆ್ಯಡ್ ಡಿವೈಸ್’ ಒತ್ತಿ. ತೆರೆಯ ಮೇಲೆ ಅಂಕಿಗಳು ಬಂದರೆ ಅವನ್ನು ಹೊಸ ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಕೊಡಿ. ಅನೇಕರು ಎಡವುವುದು ಇಲ್ಲೇ. ಜೋಡಿಯಾಗಿದ್ದದ್ದು ಮುನಿಸಿಕೊಂಡರೆ ಪಟ್ಟಿಯಿಂದ ಅದರ ಹೆಸರನ್ನು ಪೂರ್ತಿ ತೆಗೆದು ಮೊದಲಿನಿಂದ ಜೋಡಿಸಿ. ಮೂರು ಸಾಧನಕ್ಕೆ ಜೋಡಿಸುವ ಕೀಬೋರ್ಡಾದರೆ, ನೀವು ಒತ್ತಿದ್ದು ಪಕ್ಕದ ಟ್ಯಾಬ್ಲೆಟ್ಟಿನಲ್ಲಿ ಮೂಡುತ್ತಿದೆಯೋ ಏನೋ, ಅದನ್ನೂ ನೋಡಿಬಿಡಿ.

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಡಾಂಗಲ್ ಏಳುವುದೇ ಇಲ್ಲವೇ? ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯ ಟಿಕ್ ತೆಗೆಯಿರಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಇಂಗ್ಲಿಷ್ ಒತ್ತಿದರೆ ಕನ್ನಡ ಬರುತ್ತಿದೆ ಎಂದರೆ ಕೀಬೋರ್ಡ್ ಕೆಟ್ಟಿಲ್ಲ, ಭಾಷೆ ಬದಲಾಗಿದೆ. ವಿಂಡೋಸ್ ಗುಂಡಿಯ ಜೊತೆ ಸ್ಪೇಸ್ ಒತ್ತಿ ನೋಡಿ. ನುಡಿ ತಂತ್ರಾಂಶದಲ್ಲಿ ಸ್ಕ್ರೋಲ್ ಲಾಕ್ ಒತ್ತಿ ಭಾಷೆ ಬದಲಿಸುವ ರೂಢಿ ನಿಮ್ಮದಾದರೆ, ಪುಟ್ಟ ವೈರ್‌ಲೆಸ್ ಕೀಬೋರ್ಡುಗಳಲ್ಲಿ ಎಷ್ಟೋ ಸಲ ಆ ಗುಂಡಿಯೇ ಇರುವುದಿಲ್ಲ. ಚೆಂದಕ್ಕೆ ಮರುಳಾಗಿ ಕೊಳ್ಳಬೇಡಿ, ಗುಂಡಿ ಎಣಿಸಿ ಕೊಳ್ಳಿ.

ಕಚೇರಿಯಲ್ಲಿ ಡಾಂಗಲ್ ಬಳಸುವವರು ತಯಾರಕರು ಕೊಡುವ ಫರ್ಮ್‌ವೇರ್ ಅಪ್‌ಡೇಟ್ ಹಾಕಿಕೊಳ್ಳಿ. ಹಲವು ಕಂಪನಿಗಳ ಡಾಂಗಲ್‌ಗಳ ಮೂಲಕ ದೂರದಲ್ಲಿ ಕೂತವರೂ ನಿಮ್ಮ ಕಂಪ್ಯೂಟರಿಗೆ ಟೈಪ್ ಮಾಡಬಲ್ಲರು ಎಂಬುದು 2016ರಲ್ಲಿ ‘ಮೌಸ್‌ಜ್ಯಾಕ್’ ಎಂಬ ಹೆಸರಿನಲ್ಲಿ ಬಯಲಾಗಿತ್ತು.

ಕಡೆಯದಾಗಿ, ತಂತಿಯ ಹಳೆಯ ಕೀಬೋರ್ಡ್, ಮೌಸುಗಳನ್ನು ಗುಜರಿಗೆ ಹಾಕಬೇಡಿ. ಬ್ಲೂಟೂತ್ ಕೀಬೋರ್ಡಿಗೆ ವಿಂಡೋಸ್ ಏಳುವ ಮುಂಚೆ ಬಹಳಷ್ಟು ಸಲ ಜೀವವೇ ಬರುವುದಿಲ್ಲ. ಬಯೋಸ್ ತೆರೆಯಬೇಕಾದ ದಿನ ತಂತಿಯದೇ ಗತಿ. ಉಪಾಯ ಬಲ್ಲವನಿಗೆ ಅಪಾಯವಿಲ್ಲ. ಅವೆರಡನ್ನೂ ಒರೆಸಿ ಡ್ರಾಯರಿನಲ್ಲಿಡಿ, ಪಕ್ಕದಲ್ಲೇ ಒಂದು ಜೊತೆ ಹೊಸ ಸೆಲ್ ಇರಲಿ. ಇಷ್ಟೆಲ್ಲ ನೋಡಿ, ಇನ್ನೊಂದು ಕಂಪ್ಯೂಟರಿಗೂ ಹಾಕಿ ನೋಡಿ, ಅಲ್ಲೂ ಮಾತಾಡದಿದ್ದರೆ ಆಗ ಅಂಗಡಿಗೆ ಹೋಗಿ. ವಾರಂಟಿ ಮುಗಿದಿಲ್ಲವಾದರೆ ಬಿಲ್ ಮರೆಯದೆ ಒಯ್ಯಿರಿ.