ಸ್ಥಳನಾಮಗಳ ಲಿಪ್ಯಂತರ: ರೋಣ, ನರಗುಂದ, ಗಜೇಂದ್ರಗಡ

ಸಾಮಾನ್ಯ ಪದವು ಭಾಷೆಯಿಂದ ಭಾಷೆಗೆ ಅರ್ಥದ ಮೂಲಕ ಸಾಗುತ್ತದೆ, ಅಂಕಿತನಾಮವು ಧ್ವನಿಯ ಮೂಲಕ ಸಾಗುತ್ತದೆ ಎಂಬುದು ಅನುವಾದ ಮೀಮಾಂಸೆಯಲ್ಲಿ ರೂಢಿಯಾದ ತಿಳಿವಳಿಕೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಹೆಸರುಗಳು ಈ ವಿಭಜನೆ ಅಷ್ಟು ಸರಳವಲ್ಲವೆಂಬುದನ್ನು ಸ್ಪಷ್ಟಪಡಿಸುತ್ತವೆ.

ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಆಡಳಿತದಲ್ಲಿ ಮರಾಠಿಯ ಪ್ರಭಾವ ಪ್ರಬಲವಾಗಿತ್ತು. ಮರಾಠಿಯ ಉಚ್ಚಾರಣೆಯಲ್ಲಿ ಪದಾಂತ್ಯದ ಅಕಾರ ಲೋಪವಾಗುತ್ತದೆ. ಪದಮಧ್ಯದಲ್ಲಿಯೂ ಹಲವೆಡೆ ಹೀಗೆಯೇ. ಇಂಗ್ಲಿಷ್ ಬರಹ ಈ ಲೋಪವನ್ನೇ ಅನುಸರಿಸಿತು. ರೋಣವು ಮೂರೇ ಅಕ್ಷರಗಳ ‘ಆರ್-ಓ-ಎನ್’ ಆಯಿತು. ನರಗುಂದವು ‘ನರ್ಗುಂದ್’ ಆಯಿತು. ನೆರೆಯ ನವಲಗುಂದಕ್ಕೂ ಇದೇ ಗತಿ ಒದಗಿರುವುದರಿಂದ ಇದು ಬಿಡಿ ತಪ್ಪಲ್ಲ, ಒಂದು ಕ್ರಮ. ಆಡುಮಾತಿನ ವೇಗದಲ್ಲಿ ಕನ್ನಡದಲ್ಲಿಯೂ ಮಧ್ಯಸ್ವರ ಜಾರುವುದುಂಟು. ಆದರೆ ಕನ್ನಡ ಬರಹ ಅದನ್ನು ಉಳಿಸಿಕೊಂಡಿದೆ.

ವ್ಯಂಜನಗಳ ನಷ್ಟ ಇನ್ನೂ ಗಂಭೀರವಾದುದು. ಗದಗದ ದಕಾರಕ್ಕೂ ಗಜೇಂದ್ರಗಡದ ಡಕಾರಕ್ಕೂ ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಡಿ’. ರೋಣದ ಣಕಾರವೂ ನರಗುಂದದ ನಕಾರವೂ ಒಂದೇ ‘ಎನ್’. ರೋಣವನ್ನು ದ್ರೋಣನೊಡನೆ ಜೋಡಿಸುವ ಸ್ಥಳೀಯ ಐತಿಹ್ಯ ನಿಂತಿರುವುದೇ ಣಕಾರದ ಮೇಲೆ. ಇಂಗ್ಲಿಷ್ ದಾಖಲೆಯನ್ನಷ್ಟೇ ನೋಡಿದವನಿಗೆ ಆ ಎಳೆಯೇ ಕಾಣದು. ಅದು ಅವನಿಗೆ ‘ರಾನ್’ ಎಂಬ ಆಂಗ್ಲ ವ್ಯಕ್ತಿನಾಮದಂತೆ ತೋರಬಹುದು.

ಗಜೇಂದ್ರಗಡದಲ್ಲಿ ಸ್ಥಿತಿ ಭಿನ್ನ. ಇಲ್ಲಿಯ ‘ಗಡ’ ಕೋಟೆ ಎಂಬರ್ಥದ ಸಾಮಾನ್ಯ ಪದ. ಟಿಪ್ಪು ಮತ್ತು ಮರಾಠರ ನಡುವಿನ 1787ರ ಒಪ್ಪಂದವನ್ನು ಹೇಳುವಾಗ ಕೆಲವು ಇಂಗ್ಲಿಷ್ ಬರಹಗಳು ‘ಗಜೇಂದ್ರಗಢ’ ಎಂದು ಬಳಸುತ್ತವೆ. ಅಂದರೆ ಹೆಸರಿನ ಪೂರ್ವಪದ ಲಿಪ್ಯಂತರಗೊಂಡಿದೆ, ಉತ್ತರಪದ ಹಿಂದಿಯ ರೂಪಕ್ಕೆ ಅನುವಾದಗೊಂಡಿದೆ.

ಫ್ರೆಂಚರು ಲಂಡನ್ನನ್ನು ‘ಲೋಂದ್ರ್’ ಎನ್ನುತ್ತಾರೆ. ಆ ರೂಪ ಫ್ರೆಂಚಿನಲ್ಲಿಯೇ ಉಳಿಯುತ್ತದೆ, ಲಂಡನ್ನಿಗೆ ಮರಳಿ ಮೂಲವನ್ನು ಪಲ್ಲಟಗೊಳಿಸುವುದಿಲ್ಲ. ಇಲ್ಲಿ ಇಂಗ್ಲಿಷ್ ರೂಪ ಮರಳಿ ಬಂದು ಕನ್ನಡಿಗರ ಬಾಯಲ್ಲಿಯೇ ‘ನರ್ಗುಂದ್’ ಆಗುವ ಅಪಾಯವಿದೆ. 2014ರ ನವೆಂಬರ್ 1ರಂದು ಬೆಳಗಾವಿ, ಹುಬ್ಬಳ್ಳಿ ಸೇರಿದಂತೆ 12 ನಗರಗಳ ಇಂಗ್ಲಿಷ್ ಕಾಗುಣಿತ ಕನ್ನಡಕ್ಕೆ ಹತ್ತಿರವಾಯಿತು. ಈ ಮೂರು ಊರುಗಳು ಆ ಪಟ್ಟಿಯಲ್ಲಿರಲಿಲ್ಲ.

ಆದುದರಿಂದ ಸ್ಥಳನಾಮಾಧ್ಯಯನವು ಶಾಸನ ಮತ್ತು ಸ್ಥಳೀಯರ ಉಚ್ಚಾರಣೆಯಿಂದ ಆರಂಭಗೊಳ್ಳಬೇಕು. ಇಂಗ್ಲಿಷ್ ದಾಖಲೆಯನ್ನು ಬಳಸುವಾಗ ಅದರ ಪಕ್ಕದಲ್ಲಿ ಕನ್ನಡ ರೂಪವನ್ನು ಕೊಡುವುದು ಅಗತ್ಯ. ಕಾಗುಣಿತದಲ್ಲಿ ಕಳೆದುಹೋದ ಒಂದು ಅಕ್ಷರದೊಡನೆ ನಿಷ್ಪತ್ತಿಯ ಒಂದು ಆಧಾರವೂ ಕಳೆದುಹೋಗುತ್ತದೆ.