ವಾರ್ಡಿನ ಪರಿಸರ ಮತ್ತು ಹಾಸಿಗೆ-ದಿನದ ಲೆಕ್ಕ

ಆಸ್ಪತ್ರೆಯೂ ಒಂದು ಸೇವಾ ಉದ್ಯಮ. ಅದರ ಲೆಕ್ಕದ ಮೂಲಮಾನ 'ಹಾಸಿಗೆ-ದಿನ', ಅಂದರೆ ಒಂದು ಹಾಸಿಗೆಯನ್ನು ಒಬ್ಬ ಒಳರೋಗಿ ಒಂದು ದಿನ ಬಳಸುವುದು. ಅಂಗಡಿಯಲ್ಲಿ ಇಂದು ಮಾರಾಟವಾಗದ ಸರಕು ನಾಳೆಗೆ ಉಳಿಯುತ್ತದೆ. ಖಾಲಿ ಉಳಿದ ಹಾಸಿಗೆ-ದಿನ ಅಂದೇ ನಷ್ಟ. ಸಿಬ್ಬಂದಿಯ ವೇತನ, ಸಾಲದ ಬಡ್ಡಿ, ಸವಕಳಿ ಇವು ರೋಗಿ ಬಂದರೂ ಬಾರದಿದ್ದರೂ ತಪ್ಪದ ಸ್ಥಿರ ವೆಚ್ಚಗಳು. ವಾರ್ಡಿನ ಗಾಳಿ, ಬೆಳಕು, ಸದ್ದು, ಶುಚಿತ್ವಗಳಿಗೆ ಈ ಲೆಕ್ಕದಲ್ಲಿ ಸ್ಥಾನವಿದೆಯೇ ಎಂಬುದನ್ನು ನಮ್ಮಲ್ಲಿ ಪರಿಶೀಲಿಸಿದವರು ವಿರಳ.

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಿಸಲ್ಪಡುವುದು ರೋಜರ್ ಉಲ್ರಿಚ್ ಅವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳಿಂದ, ವಯಸ್ಸು ಮೊದಲಾದ ಅಂಶಗಳು ಹೊಂದುವಂತೆ, 46 ಮಂದಿಯನ್ನು 23 ಜೋಡಿಗಳಾಗಿ ಆರಿಸಲಾಯಿತು. ಜೋಡಿಯಲ್ಲಿ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಇನ್ನೊಬ್ಬರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನಗಳಲ್ಲಿ ಮನೆಗೆ ಮರಳಿದರೆ, ಗೋಡೆ ಕಂಡವರಿಗೆ 8.70 ದಿನಗಳು ಹಿಡಿದವು. ಪ್ರಬಲ ನೋವುನಿವಾರಕಗಳೂ ಮೊದಲಿನವರಿಗೆ ಕಡಿಮೆ ಬೇಕಾದವು. ವ್ಯತ್ಯಾಸ 0.74 ದಿನ. ನೂರು ರೋಗಿಗಳಿಗೆ ಗುಣಿಸಿದರೆ 74 ಹಾಸಿಗೆ-ದಿನಗಳು. ಅಂದರೆ ಅದೇ ಹಾಸಿಗೆಗಳಲ್ಲಿ ಇನ್ನೂ ಒಂಬತ್ತು ಮಂದಿಗೆ ಚಿಕಿತ್ಸೆ. ಇದು ಒಂದೇ ಆಸ್ಪತ್ರೆಯ ಸಣ್ಣ ಮಾದರಿ. ಲ್ಯಾಪ್ರೊಸ್ಕೋಪಿ ಬಂದ ಮೇಲೆ ಈ ಶಸ್ತ್ರಚಿಕಿತ್ಸೆಗೆ ಅಷ್ಟು ದಿನಗಳೂ ಬೇಕಿಲ್ಲ. ಈ ಅಂಕಿಯನ್ನು ಹಾಗೆಯೇ ಎತ್ತಿ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗೆ ಸೇರಿಸುವುದು ಸಲ್ಲದು. ಗಮನಿಸಬೇಕಾದುದು ಅದು ತೋರುವ ದಿಕ್ಕನ್ನು.

ರೋಗಿ ಹೆಚ್ಚು ದಿನ ಉಳಿದರೆ ಕೊಠಡಿ ಬಾಡಿಗೆ ಹೆಚ್ಚು ಬರುವುದಲ್ಲವೇ ಎಂಬ ಆಕ್ಷೇಪ ಸಹಜ. ದಿನಬಾಡಿಗೆಯ ಕಾಲದಲ್ಲಿ ಅದರಲ್ಲಿ ಹುರುಳಿತ್ತು. ಆದರೆ 2003ರಲ್ಲಿ ಕರ್ನಾಟಕದ ಸಹಕಾರಿಗಳಿಗಾಗಿ ಆರಂಭವಾದ ಯಶಸ್ವಿನಿ, 2018ರ ಆಯುಷ್ಮಾನ್ ಭಾರತ್ ಮುಂತಾದ ಯೋಜನೆಗಳಲ್ಲಿ ಶಸ್ತ್ರಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರ ಮಾತ್ರ ದೊರೆಯುತ್ತದೆ. ರೋಗಿ ಒಂದು ದಿನ ಹೆಚ್ಚು ಉಳಿದರೆ ಊಟ, ಔಷಧ, ಶುಶ್ರೂಷೆಯ ವೆಚ್ಚ ಆಸ್ಪತ್ರೆಯದೇ. ನಿದ್ದೆಯಿಲ್ಲದ ರಾತ್ರಿಯ ಬೆಲೆ ಈಗ ರೋಗಿಯೊಬ್ಬನದೇ ಅಲ್ಲ, ಮಾಲೀಕರದೂ ಹೌದು.

ನಮ್ಮ ವಾರ್ಡುಗಳ ದೊಡ್ಡ ಕೊರತೆ ಸದ್ದು. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯಂತೆ ವಾರ್ಡಿನೊಳಗೆ ಸರಾಸರಿ ಸದ್ದು 30 ಡೆಸಿಬೆಲ್ ಮೀರಬಾರದು. ರಾತ್ರಿಯ ಗರಿಷ್ಠ 40. ಭಾರತದ 2000ರ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ ವಿಧಿಸಿವೆ. ಹೊರಗಿನ ಹಾರನ್ನನ್ನು ದೂರುವುದು ಸುಲಭ. ಒಳಗಿನ ಸದ್ದು ಯಾರ ಕಿವಿಗೂ ಬೀಳದು. ಎಣ್ಣೆ ಕಾಣದ ಟ್ರಾಲಿ ಚಕ್ರ, ಕೈಜಾರಿ ಬೀಳುವ ಸ್ಟೀಲ್ ತಟ್ಟೆ, ನಸುಕಿನ ಐದಕ್ಕೇ ನೆಲ ಒರೆಸುವ ಬಕೆಟ್, ಜೊತೆಗಿರುವವರ ಮೊಬೈಲ್. ಅಮೃತಶಿಲೆಯ ಸ್ವಾಗತಾಂಗಣಕ್ಕೆ ಲಕ್ಷಗಟ್ಟಲೆ ಸುರಿಯುವವರು ಟ್ರಾಲಿಗೆ ರಬ್ಬರ್ ಚಕ್ರ ಹಾಕಿಸಲು ಹಿಂದೆಮುಂದೆ ನೋಡುವುದು ವಿಚಿತ್ರವಾದರೂ ಸತ್ಯ. ಇಲ್ಲಿ ಅಟೆಂಡರುಗಳನ್ನು ಹೊರಗಟ್ಟಿದರೂ ಪ್ರಯೋಜನವಿಲ್ಲ. ನಮ್ಮಲ್ಲಿ ಅರ್ಧ ಶುಶ್ರೂಷೆ ಅವರಿಂದಲೇ ನಡೆಯುತ್ತದೆ. ಅವರಿಗೆ ವಾರ್ಡಿನಾಚೆ ಕುಳಿತು ಉಣ್ಣಲು, ಮಾತನಾಡಲು ಒಂದು ಜಾಗ ಕೊಡುವುದು ಮೇಲು.

ಗಾಳಿಯ ಮಾತು ಚಿಕ್ಕದು. ನೈಸರ್ಗಿಕ ಗಾಳಿಯಾಡುವ ಸಾಮಾನ್ಯ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಬೇಕೆಂದು ಅದೇ ಸಂಸ್ಥೆ 2009ರಲ್ಲಿ ಸೂಚಿಸಿದೆ. ಕಿಟಕಿಗೆ ಅಡ್ಡಲಾಗಿ ಬೀರು ಇಟ್ಟ ವಾರ್ಡು ಇದನ್ನು ಮುಟ್ಟಲಾರದು.

ಇನ್ನು ತೃಪ್ತಿಯ ಅಳತೆ. ಅಮೆರಿಕದ ಎಚ್‌ಕ್ಯಾಪ್ಸ್ ಸಮೀಕ್ಷೆಯ ಫಲಿತಾಂಶಗಳು 2008ರಿಂದ ಬಹಿರಂಗವಾಗುತ್ತಿವೆ. 2012ರ ಅಕ್ಟೋಬರಿನಿಂದ ಮೆಡಿಕೇರ್ ಪಾವತಿಯ ಒಂದಂಶವೂ ಅದಕ್ಕೆ ತಳುಕು ಹಾಕಿಕೊಂಡಿತು. ಕೊಠಡಿಯ ಶುಚಿತ್ವ ಮತ್ತು ರಾತ್ರಿಯ ನಿಶ್ಶಬ್ದ ಅದರ ಪ್ರಶ್ನೆಗಳಲ್ಲಿ ಸೇರಿವೆ. ರೋಗಿಯನ್ನು ಕೇಳುವುದು ಆತ ಮನೆ ಸೇರಿ ಕನಿಷ್ಠ 48 ಗಂಟೆಗಳಾದ ಮೇಲೆ. ನಮ್ಮಲ್ಲಿ ಅಭಿಪ್ರಾಯದ ನಮೂನೆಯನ್ನು ಬಿಲ್ಲಿನೊಡನೆ ಕೌಂಟರಿನಲ್ಲೇ ಚಾಚುವ ರೂಢಿ. ಹೊರಡುವ ಆತುರದಲ್ಲಿ, ಸಿಬ್ಬಂದಿಯ ಕಣ್ಣೆದುರು 'ಉತ್ತಮ' ಎಂದು ಗುರುತು ಹಾಕದವರು ಯಾರು? ಅಂತಹ ನೂರು ನಮೂನೆಗಳಿಗಿಂತ ಮೂರು ದಿನಗಳ ಬಳಿಕ ಮಾಡುವ ಹತ್ತು ದೂರವಾಣಿ ಕರೆಗಳು ಉಪಯುಕ್ತ.

ತೆರಿಗೆಯ ಒಂದಂಶವನ್ನೂ ಮರೆಯುವಂತಿಲ್ಲ. ಚಿಕಿತ್ಸಾ ಸೇವೆ ಜಿಎಸ್‌ಟಿಯಿಂದ ವಿನಾಯಿತಿ ಪಡೆದಿರುವುದರಿಂದ ಖರೀದಿಯ ಮೇಲಿನ ತೆರಿಗೆ ಜಮೆ ದೊರೆಯದು. ಶೇಕಡಾ 18ರ ತೆರಿಗೆಯ ಹತ್ತು ಲಕ್ಷದ ಸಾಮಗ್ರಿ ಪುಸ್ತಕದಲ್ಲಿ 11.80 ಲಕ್ಷವಾಗಿ ದಾಖಲಾಗುತ್ತದೆ. ದಿನಕ್ಕೆ 5,000 ರೂಪಾಯಿ ಮೀರಿದ, ತೀವ್ರನಿಗಾ ಘಟಕವಲ್ಲದ ಕೊಠಡಿಗಳ ಬಾಡಿಗೆಗೆ 2022ರ ಜುಲೈ 18ರಿಂದ ಶೇಕಡಾ 5ರ ತೆರಿಗೆ ಬಂದಿತು, ಅದಕ್ಕೂ ಜಮೆಯಿಲ್ಲ. ಆದ್ದರಿಂದ ಮೊದಲು ಚಕ್ರ, ಬಾಗಿಲಿನ ಕೀಲು, ಕಿಟಕಿಯ ದುರಸ್ತಿಗಳಂತಹ ಸಣ್ಣ ರಾಜಸ್ವ ವೆಚ್ಚಗಳು, ಆಮೇಲೆ ಬಂಡವಾಳ ವೆಚ್ಚ ಎಂಬ ಕ್ರಮ ಸೂಕ್ತ. ಪ್ರತಿ ವಾರ್ಡಿಗೂ ಸರಾಸರಿ ವಾಸದ ದಿನ, ರಾತ್ರಿ ಕೊಟ್ಟ ನಿದ್ರಾಮಾತ್ರೆ, ದೂರುಗಳ ಸಂಖ್ಯೆ ಈ ಮೂರು ಅಂಕಣಗಳ ಮಾಸಿಕ ಪಟ್ಟಿ ತಯಾರಿಸಿದರೆ ಯಾವ ವಾರ್ಡಿನಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ. ಅದಕ್ಕೆ ಬೇಕಾದ ಅಂಕಿಗಳು ಶುಶ್ರೂಷಕಿಯರ ರಿಜಿಸ್ಟರಿನಲ್ಲಿ ಈಗಾಗಲೇ ಇರುತ್ತವೆ.