ಕೈಗೆ ಸಿಗದ ನಾಣ್ಯದ ಬೆಲೆ

ಜಯನಗರ, ಬನಶಂಕರಿಯ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಈ ದಿನಗಳಲ್ಲಿ ಟ್ರಂಕಿನ ತಳದಿಂದ, ದೇವರ ಮನೆಯ ಡಬ್ಬಿಯಿಂದ ಹಳೆಯ ನಾಣ್ಯಗಳು ಹೊರಬೀಳುತ್ತಲೇ ಇರುತ್ತವೆ. ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ, ತೂತು ಕಾಸು, ಅಪರೂಪಕ್ಕೊಮ್ಮೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು. ಇವನ್ನು ಆನ್‌ಲೈನ್ ಹರಾಜಿಗಿಡುವ ಹೊಸಬರೆಲ್ಲ ಮೊದಲು ಕೇಳುವುದು ‘ಇದಕ್ಕೆಷ್ಟು ಬರುತ್ತೆ?’ ಎಂದು. ಮಾರುತ್ತಾ ಬಂದ ಮೇಲೆ ನನಗೆ ಮನದಟ್ಟಾದದ್ದು, ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ನಾಣ್ಯವನ್ನು ಮುಟ್ಟಿ ನೋಡಲಾಗದವನಿಗೆ ಅದರ ಬಗ್ಗೆ ನಾನು ಏನನ್ನೆಲ್ಲ ಸಾಬೀತು ಮಾಡಬಲ್ಲೆ? ಕೊಳ್ಳುವವನು ಸವಾಲು ಏರಿಸುವುದು ತಾನು ಕಣ್ಣಾರೆ ಪರೀಕ್ಷಿಸಬಹುದಾದಷ್ಟರ ಮೇಲೆ ಮಾತ್ರ. ಉಳಿದದ್ದನ್ನು ಅವನು ಅಪಾಯವೆಂದು ಲೆಕ್ಕ ಹಾಕಿ ಬೆಲೆಯಿಂದ ಕಳೆಯುತ್ತಾನೆ.

1911ರ ರೂಪಾಯಿಯನ್ನೇ ನೋಡಿ. ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಮೂಡಿ ಹಂದಿಯಂತೆ ಕಾಣುತ್ತದೆಂದು ಜನ ಕೆರಳಿದರು; ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಿಂದ ಆನೆಯನ್ನು ತಿದ್ದಿ ಟಂಕಿಸಿತು. ಸಂಗ್ರಹಕಾರರು ಅದನ್ನು ಹಂದಿ ರೂಪಾಯಿ ಎಂದೇ ಕರೆಯುತ್ತಾರೆ. ಈಗ ಇದನ್ನು ಹರಾಜಿಗಿಟ್ಟವರು ‘ಬಹಳ ಅಪರೂಪ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಗಲ ಬೆಳಕಿನಲ್ಲಿ ಎರಡು ಮುಖ, ಅಂಚು, ಜೊತೆಗೆ ಆ ಆನೆಯೊಂದರ ಹತ್ತಿರದ ಚಿತ್ರ ಕೊಟ್ಟರೆ ತಿಳಿದವನು ತಾನೇ ತೀರ್ಮಾನಿಸುತ್ತಾನೆ. ಆ ಕಾಲದ ಬೆಳ್ಳಿ ರೂಪಾಯಿಯ ನಿಗದಿತ ತೂಕ 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ತೂಗುವುದು ಸಹಜ, ಆದರೆ ಎರಕ ಹೊಯ್ದ ನಕಲಿ ಬಹಳಷ್ಟು ಸಲ ತಕ್ಕಡಿಯಲ್ಲೇ ಸಿಕ್ಕಿಬೀಳುತ್ತದೆ. ಅಕ್ಕಸಾಲಿಗನ ಅಂಗಡಿಯಲ್ಲಿ ತೂಗಿಸಿ, ತಕ್ಕಡಿಯ ಮೇಲಿಟ್ಟ ನಾಣ್ಯದ ಚಿತ್ರವನ್ನೂ ಸೇರಿಸಿದರೆ ನಾಲ್ಕು ಸಾಲಿನ ಹೊಗಳಿಕೆಗಿಂತ ಹೆಚ್ಚು ಕೆಲಸವಾಗುತ್ತದೆ. ಒಂದು ಮಾತನ್ನು ಮಾತ್ರ ಬೇಡಿಕೊಂಡು ಹೇಳುತ್ತೇನೆ: ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಪೂಜೆಯ ಪಾತ್ರೆಗೆ ಅದು ಸರಿ. ನಾಣ್ಯದ ಮೇಲ್ಮೈಯಲ್ಲಿ ವರ್ಷಗಳಿಂದ ಕೂತ ಬಣ್ಣವೇ ಅದರ ವಯಸ್ಸಿಗೆ ಪುರಾವೆ, ಒಮ್ಮೆ ಹೋದರೆ ಅದು ಮರಳುವುದಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ಹೊಸಬರನ್ನು ದಾರಿ ತಪ್ಪಿಸುವುದು ಕೇಳುವ ಬೆಲೆ. 2012ರ ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಗಳಿಗೆ ಲಕ್ಷಗಟ್ಟಲೆ ಸಿಗುತ್ತದೆಂಬ ಸುದ್ದಿ ಇನ್ನೂ ಸುತ್ತುತ್ತಿದೆ. ಚಲಾವಣೆಗೆಂದೇ ಹೇರಳವಾಗಿ ಟಂಕಿಸಿದ ನಾಣ್ಯಕ್ಕೆ ಅಂಥ ಬೆಲೆ ಬರಲು ಕಾರಣವೇ ಇಲ್ಲ. ರಾಮಸೀತೆಯರ ಚಿತ್ರವಿರುವ, 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯವಂತೂ ಕಂಪನಿ ಎಂದೂ ಟಂಕಿಸದ ಕಲ್ಪಿತ ವಸ್ತು. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ತನ್ನ ಹೆಸರು ಹೇಳಿ ಕಮಿಷನ್, ತೆರಿಗೆ ಎಂದು ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತ್ತು. ಮಾರುವವನಿಂದ ಮುಂಗಡ ಕೇಳುವ ‘ಗಿರಾಕಿ’ ಗಿರಾಕಿಯಲ್ಲ. ನಂಬಬಹುದಾದ ಲೆಕ್ಕ ಒಂದೇ, ಮುಗಿದ ಹರಾಜುಗಳಲ್ಲಿ ಅಂಥದೇ ನಾಣ್ಯ, ಅಷ್ಟೇ ಸವೆದದ್ದು, ನಿಜಕ್ಕೂ ಎಷ್ಟಕ್ಕೆ ಹೋಯಿತೆಂಬುದು.

ದೋಷವನ್ನು ನಾವೇ ಹೇಳಿಕೊಂಡರೆ ಬೆಲೆ ಇಳಿಯುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಳಿಯುತ್ತದೆ. ಆದರೆ ಸರದಲ್ಲಿ ಪೋಣಿಸಲು ಕೊರೆದು ಮುಚ್ಚಿದ ತೂತನ್ನು ಹೇಳದೆ ಮಾರಿದರೆ ನಾಣ್ಯ ವಾಪಸು ಬರುತ್ತದೆ, ಸಾಗಣೆ ಖರ್ಚು ಮೈಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮೈಸೂರು ನಾಣ್ಯಗಳಿಗೆ ಗಂಭೀರವಾಗಿ ಸವಾಲು ಹಾಕುವವರ ಬಳಗ ಚಿಕ್ಕದು, ಕೆಟ್ಟ ಹೆಸರು ಅಲ್ಲಿ ಬೇಗ ಹರಡುತ್ತದೆ. ಕಡಿಮೆ ಬೆಲೆಯಿಂದ ಆರಂಭಿಸಿದರೆ ಮಣ್ಣಿನ ಬೆಲೆಗೆ ಹೋದೀತೆಂಬ ಭಯ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬನೇ ಆಸಕ್ತನಿದ್ದರೆ ಬೆಲೆ ಏರದು. ಏರಿಸುವವನು ಯಾವಾಗಲೂ ಎರಡನೆಯವನು. ಆದ್ದರಿಂದ ಬೇಡಿಕೆ ಹೆಚ್ಚಿರುವ ಬೆಳ್ಳಿ ರೂಪಾಯಿಗೆ ಕಡಿಮೆ ಆರಂಭಿಕ ಬೆಲೆ ಸರಿ, ಆದರೂ ಬೆಳ್ಳಿಯ ಆ ದಿನದ ಧಾರಣೆಗಿಂತ ಕೆಳಗೆ ಬೇಡ. ಕೆಲವೇ ಮಂದಿಗೆ ಬೇಕಾದ ವಸ್ತುವಿಗೆ ಕನಿಷ್ಠ ಬೆಲೆ ನಿಗದಿ ಮಾಡಲೇಬೇಕು. ಇಷ್ಟೆಲ್ಲ ತಲೆನೋವೇಕೆ, ಹರಾಜು ಸಂಸ್ಥೆಗೇ ಒಪ್ಪಿಸಬಹುದಲ್ಲ ಎನ್ನುವವರುಂಟು. ಟಿಪ್ಪುವಿನ ಕಾಲದ ಚಿನ್ನದ ನಾಣ್ಯವೇ ಕೈಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತೇನೆ: ಪರಿಣತರ ಮಾತಿಗೆ ಕೊಡುವ ಕಮಿಷನ್ ಅಲ್ಲಿ ಸಾರ್ಥಕ. ಸಾಧಾರಣ ನಾಣ್ಯಕ್ಕೆ ಅದು ಹೊರೆ.

ಕಾನೂನನ್ನು ಮಾತ್ರ ಮೊದಲೇ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ಮಾರಾಟವನ್ನೇ ವ್ಯಾಪಾರ ಮಾಡಿಕೊಂಡರೆ ಪರವಾನಗಿ ಬೇಕು. ಪಾಯ ತೋಡುವಾಗ ಮಣ್ಣಿನಡಿ ಸಿಕ್ಕಿದ ನಿಧಿಗಂತೂ ಬೇರೆಯೇ ಕಾನೂನಿದೆ; ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು, ಹರಾಜಿಗೆ ಇಡಬಾರದು. ಹೊಸ ವರ್ಷ ಬಂದಂತೆಲ್ಲ ಐದನೇ ಜಾರ್ಜ್ ಕಾಲದ ಇನ್ನೊಂದು ವರ್ಷದ ನಾಣ್ಯಗಳು ಆ ಗೆರೆ ದಾಟುತ್ತವೆ. ಹೊರದೇಶದಿಂದ ಎಷ್ಟೇ ಒಳ್ಳೆಯ ಸವಾಲು ಬಂದರೂ ಒಪ್ಪುವ ಮೊದಲು ನಾಣ್ಯದ ಮೇಲಿನ ಇಸವಿಯನ್ನು ಓದಿಕೊಳ್ಳಿ.